ಕಟ್ಟೆ ಬಂದ ಏಲಕ್ಕಿಯ ಎಲೆ ಕಿತ್ತರೆ ರೋಗ ಯಾಕೆ ಹೋಗಲ್ಲ?

ಏಲಕ್ಕಿ ಬೆಳೆದವರಿಗೆ ಕಟ್ಟೆ ರೋಗದ ಗುರುತು ಗೊತ್ತೇ ಇರುತ್ತದೆ. ಸುಳಿ ಬಿಚ್ಚಿ ಆಗಷ್ಟೇ ಹೊರಗೆ ಬಂದ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ. ನಡುವಿನ ದಿಂಡಿನಿಂದ ಅಂಚಿನ ಕಡೆಗೆ, ನರಗಳ ಜೊತೆಜೊತೆಗೇ, ತಿಳಿಹಸಿರು ಗೆರೆಗಳು ಹೊರಟಿರುತ್ತವೆ. ಕೆಲವು ಉದ್ದಕ್ಕೆ ಅಂಚಿನವರೆಗೂ ಹೋಗುತ್ತವೆ, ಕೆಲವು ಅಲ್ಲಲ್ಲೇ ತುಂಡಾಗುತ್ತವೆ. ಗೆರೆ ಗೆರೆಯ ನಡುವೆ ಮಾಮೂಲಿ ಕಡುಹಸಿರು. ರೋಗ ಬಲಿತರೆ ಎಲೆಯ ಬುಡದ ಹಾಳೆಯ ಮೇಲೂ ಅದೇ ಮಚ್ಚೆ. ಆದರೆ ಅದೇ ಕಂದಿನ (ಬುಡದಿಂದ ಎದ್ದ ಮರಿಯ) ಕೆಳಗಿನ ಹಳೇ ಎಲೆಗಳನ್ನು ನೋಡಿದರೆ ಏನೂ ಆಗಿಲ್ಲದ ಹಾಗೆ ಹಸಿರಾಗಿ ನಿಂತಿರುತ್ತವೆ.

ಇದನ್ನು ಕಂಡ ಕೂಡಲೇ ಯಾರಿಗಾದರೂ ಆ ಎಲೆ ಕೀಳೋಣ ಅನ್ನಿಸುತ್ತದೆ. ಕಿತ್ತರೆ ಮುಂದಿನ ಸುಳಿಯಲ್ಲೂ ಅದೇ ಗೆರೆ. ಕಂದನ್ನೇ ಕಡಿದರೆ ಪಕ್ಕದ ಕಂದಿನಲ್ಲಿ ಗೆರೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಡಿಕೆ ತೋಟದ ನೆರಳಿನಲ್ಲಿ ಏಲಕ್ಕಿ ಇಟ್ಟವರು "ಇದಕ್ಕೆ ಔಷಧಿ ಯಾವುದು?" ಅಂತ ಕೇಳಿದರೆ, ತಿಳಿದವರು ಕೊಡುವ ಉತ್ತರ ಒಂದೇ: ಬುಡ ಸಮೇತ ಕಿತ್ತು ಸುಟ್ಟುಬಿಡಿ. ಎರಡು ಮೂರು ವರ್ಷ ಸಾಕಿದ ಗಿಡದ ಬಗ್ಗೆ ಹಾಗೆ ಹೇಳಿದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಒಂದು ಎಲೆಯಲ್ಲಿ ಗೆರೆ ಕಂಡಿದ್ದಕ್ಕೆ ಇಡೀ ಬುಡ ಯಾಕೆ ಹೋಗಬೇಕು? ಈ "ಯಾಕೆ"ಗೆ ಉತ್ತರ ಕೊಡುವವರು ಕಡಿಮೆ. ಕಟ್ಟೆ ತರುವುದು ಒಂದು ವೈರಸ್. ಉತ್ತರ ಬೇಕಾದರೆ ವೈರಸ್ ಗಿಡದ ಒಳಗೆ ಒಂದು ಕೋಶದಿಂದ ಇನ್ನೊಂದಕ್ಕೆ ಹೇಗೆ ದಾಟುತ್ತದೆ ಅನ್ನುವುದನ್ನು ನೋಡಬೇಕು. ಆ ದಾರಿ ತಿಳಿದರೆ ತೋಟದಲ್ಲಿ ಕಾಣುವ ಎಷ್ಟೋ ವಿಷಯ ತಾನಾಗಿಯೇ ಅರ್ಥವಾಗುತ್ತದೆ.

ಮೊದಲು ಒಂದು ಗೊಂದಲ ತೆಗೆಯೋಣ. ನಮ್ಮ ಕಡೆ ರೋಗ ಅಂದರೆ ನೆನಪಾಗುವುದು ಅಡಿಕೆಯ ಕೊಳೆ. ಅದು ವೈರಸ್ ಅಲ್ಲ, ಫೈಟಾಫ್ಥೊರಾ ಎಂಬ ಶಿಲೀಂಧ್ರದಂಥ ಜೀವಿ. ಎಲೆಚುಕ್ಕೆ ರೋಗವೂ ಶಿಲೀಂಧ್ರದ್ದೇ. ಇವುಗಳ ಬೀಜಕಣ ಮಳೆಹನಿ, ಗಾಳಿಯ ಜೊತೆ ಬಂದು ಕಾಯಿಯ ಮೇಲೆ, ಎಲೆಯ ಮೇಲೆ ಕೂರುತ್ತದೆ, ಮೊಳೆಯುತ್ತದೆ, ಆಮೇಲೆ ಒಳಗೆ ನುಗ್ಗುತ್ತದೆ. ಹಾಗಾಗಿ ಮಳೆ ಹಿಡಿಯುವ ಮೊದಲೇ ಅಡಿಕೆ ಗೊನೆಗೆ ಬೋರ್ಡೋ ದ್ರಾವಣ ಹೊಡೆದರೆ ಪ್ರಯೋಜನ ಉಂಟು. ಮೈಲುತುತ್ತ, ಸುಣ್ಣದ ಆ ಲೇಪ ಕಾಯಿಯ ಮೈಮೇಲೆ ಕೂತು, ಬಂದ ಬೀಜಕಣವನ್ನು ಮೊಳೆಯಲು ಬಿಡುವುದಿಲ್ಲ. ಯುದ್ಧ ನಡೆಯುವುದು ಹೊರಗೆ.

ವೈರಸ್ ಹೊರಗೆ ಮೊಳೆಯುವುದೂ ಇಲ್ಲ, ಬೆಳೆಯುವುದೂ ಇಲ್ಲ. ಅದು ಒಂದಿಷ್ಟು ಆರ್‌ಎನ್‌ಎ ಅಥವಾ ಡಿಎನ್‌ಎ, ಅದರ ಸುತ್ತ ಪ್ರೋಟೀನಿನ ಹೊದಿಕೆ, ಅಷ್ಟೇ. ಉಸಿರಾಟ ಇಲ್ಲ, ಊಟ ಇಲ್ಲ. ಬದುಕಿರುವ ಕೋಶದ ಒಳಗೆ ಬಿದ್ದರೆ ಮಾತ್ರ ಆ ಕೋಶದ ಯಂತ್ರವನ್ನೇ ಬಳಸಿ ತನ್ನ ಸಾವಿರಾರು ಪ್ರತಿ ಮಾಡಿಸಿಕೊಳ್ಳುತ್ತದೆ. ಮನುಷ್ಯರಿಗೆ ಬರುವ ವೈರಸ್‌ಗೆ ಒಳಗೆ ಹೋಗುವುದು ಸುಲಭ. ಪ್ರಾಣಿಕೋಶಕ್ಕೆ ಇರುವುದು ತೆಳ್ಳಗಿನ ಪೊರೆ ಮಾತ್ರ. ಅದಕ್ಕೆ ಅಂಟಿಕೊಂಡು ಒಳಗೆ ಇಳಿಯಬಹುದು, ಬೆಳೆದ ಮೇಲೆ ಪೊರೆ ಸೀಳಿಕೊಂಡು ಹೊರಗೆ ಬಂದು ಪಕ್ಕದ ಕೋಶಕ್ಕೆ ಅಂಟಿಕೊಳ್ಳಬಹುದು.

ಗಿಡದ ಕೋಶಕ್ಕೆ ಆ ಪೊರೆಯ ಹೊರಗೆ ಇನ್ನೊಂದು ಗೋಡೆ ಇದೆ. ಸೆಲ್ಯುಲೋಸಿನ ಗಟ್ಟಿ ಗೋಡೆ. ಮರಕ್ಕೆ ಮರದ ಗಟ್ಟಿತನ ಬಂದಿದ್ದೇ ಈ ಗೋಡೆಗಳಿಂದ. ವೈರಸ್‌ಗೆ ಇದನ್ನು ಕೊರೆಯುವ ಶಕ್ತಿ ಇಲ್ಲ. ಮೊದಲ ಕೋಶಕ್ಕೆ ಅದನ್ನು ಬೇರೆ ಯಾರೋ ಮುಟ್ಟಿಸಬೇಕು. ಏಲಕ್ಕಿಯಲ್ಲಿ ಆ ಕೆಲಸ ಮಾಡುವುದು ಬಾಳೆ ಹೇನು. ಎಲೆಯ ಹಾಳೆಗಳ ಸಂದಿನಲ್ಲಿ ಗುಂಪಾಗಿ ಕೂರುವ ಸಣ್ಣ ಕಪ್ಪು ಮಿಶ್ರಿತ ಕಂದು ಹೇನು. ಕೂದಲಿಗಿಂತ ಸಪೂರವಾದ ಅದರ ಸೂಜಿಬಾಯಿ ಕೋಶವನ್ನು ಚುಚ್ಚಿದಾಗ, ಹಿಂದಿನ ಗಿಡದಲ್ಲಿ ಹೀರಿದ್ದ ವೈರಸ್ ಒಳಗೆ ಇಳಿಯುತ್ತದೆ. ಬೆಂಡೆಯ ಹಳದಿ ನಂಜು ರೋಗಕ್ಕೆ ಬಿಳಿನೊಣ ಇದೇ ಕೆಲಸ ಮಾಡುತ್ತದೆ. ತಂಬಾಕಿನ ಮೊಸಾಯಿಕ್ ರೋಗಕ್ಕೆ ಹುಳವೂ ಬೇಡ. ರೋಗದ ಎಲೆ ಮುಟ್ಟಿದ ಕೈಯಿಂದ ಇನ್ನೊಂದು ಗಿಡದ ಎಲೆ ತರಚಿದರೆ ಸಾಕು.

ಸರಿ, ಹೇನು ಒಂದು ಕೋಶಕ್ಕೆ ಚುಚ್ಚಿತು. ಎಲೆಯಲ್ಲಿ ಕೋಟಿಗಟ್ಟಲೆ ಕೋಶಗಳಿವೆ. ಪ್ರತಿಯೊಂದಕ್ಕೂ ಗೋಡೆ ಇದೆ. ಒಂದೊಂದನ್ನೂ ಹೇನು ಚುಚ್ಚುವುದಿಲ್ಲ ಅಲ್ವಾ? ಮತ್ತೆ ವೈರಸ್ ಉಳಿದ ಕೋಶಗಳಿಗೆ ಹೋಗುವುದು ಹೇಗೆ?

ಗೋಡೆಯಲ್ಲಿ ಮೊದಲೇ ಇದ್ದ ಕಿಂಡಿ

ಉತ್ತರದ ಮೊದಲ ತುಂಡು ಸಿಕ್ಕಿದ್ದು ವೈರಸ್ ಅಂದರೇನು ಅಂತ ಗೊತ್ತಾಗುವುದಕ್ಕಿಂತಲೂ ಮೊದಲು. 1879ರಲ್ಲಿ ಎಡ್ವರ್ಡ್ ಟಾಂಗ್ಲ್ ಎಂಬ ಸಸ್ಯವಿಜ್ಞಾನಿ ಬೀಜಗಳನ್ನು ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ, ಕೋಶದ ಗೋಡೆಯನ್ನು ಹಾಯ್ದು ಪಕ್ಕದ ಕೋಶಕ್ಕೆ ಹೋಗುವ ತೀರಾ ಸಣ್ಣ ಎಳೆಗಳು ಕಂಡವು. 1901ರಲ್ಲಿ ಎಡ್ವರ್ಡ್ ಸ್ಟ್ರಾಸ್‌ಬರ್ಗರ್ ಇವಕ್ಕೆ ಪ್ಲಾಸ್ಮೋಡೆಸ್ಮಾಟಾ ಅಂತ ಹೆಸರಿಟ್ಟರು. ನಾವು ಕಿಂಡಿ ಅನ್ನೋಣ. ಗಿಡದ ಒಂದು ಕೋಶಕ್ಕೆ ಇಂಥ ಕಿಂಡಿಗಳು ಸಾವಿರದಿಂದ ಲಕ್ಷದವರೆಗೂ ಇರಬಹುದು. ಸಕ್ಕರೆ, ಲವಣ, ಹಾರ್ಮೋನು, ಸಣ್ಣಪುಟ್ಟ ಸಂದೇಶದ ಕಣಗಳು ಎಲ್ಲ ಈ ಕಿಂಡಿಗಳಲ್ಲೇ ಕೋಶದಿಂದ ಕೋಶಕ್ಕೆ ಹೋಗುತ್ತವೆ. ಅಂದರೆ ಗಿಡದ ಕೋಶಗಳು ಗೋಡೆ ಕಟ್ಟಿಕೊಂಡಿದ್ದರೂ ಒಂಟಿಯಾಗಿಲ್ಲ.

ಕಿಂಡಿ ಇದೆ ಅಂದ ಮಾತ್ರಕ್ಕೆ ವೈರಸ್‌ಗೆ ದಾರಿ ಸಿಕ್ಕಿತು ಅನ್ನುವ ಹಾಗಿಲ್ಲ. ಒಂದು ನ್ಯಾನೋಮೀಟರ್ ಅಂದರೆ ಒಂದು ಮಿಲಿಮೀಟರಿನ 10 ಲಕ್ಷದ ಒಂದು ಭಾಗ. ಕಿಂಡಿಯ ಒಟ್ಟು ಅಗಲ ಸುಮಾರು 50 ನ್ಯಾನೋಮೀಟರ್. ಆದರೆ ಅದು ಖಾಲಿ ತೂತಲ್ಲ. ಎರಡೂ ಕೋಶಗಳ ಒಳಪೊರೆಯ ಒಂದು ಕೊಳವೆ ಅದರ ನಟ್ಟನಡುವೆ ಹಾಯ್ದು ಹೋಗುತ್ತದೆ. ಆ ಕೊಳವೆಗೂ ಕಿಂಡಿಯ ಅಂಚಿಗೂ ನಡುವೆ ಉಳಿಯುವ ಸಂದು ಕೆಲವೇ ನ್ಯಾನೋಮೀಟರ್. ತಂಬಾಕು ಮೊಸಾಯಿಕ್ ವೈರಸ್ಸಿನ ಕಣ ಕಡ್ಡಿಯ ಆಕಾರದ್ದು. ಉದ್ದ 300 ನ್ಯಾನೋಮೀಟರ್, ದಪ್ಪ 18. ತುರುಕಿದರೂ ಹೋಗುವ ಮಾತಲ್ಲ.

ನಮ್ಮ ಕಡೆ ಬೇಲಿಗೆ ತಡಬೆ ಇಡುವುದಿಲ್ಲವೇ, ಅದೇ ಲೆಕ್ಕ ಇದು. ಮನುಷ್ಯರು ಆರಾಮಾಗಿ ಹತ್ತಿ ಇಳಿಯುತ್ತಾರೆ, ನಾಯಿ ನುಸುಳುತ್ತದೆ, ದನ ಮಾತ್ರ ಆಚೆಯೇ ನಿಲ್ಲುತ್ತದೆ. ಸಕ್ಕರೆ ದಾಟಬಹುದು, ವೈರಸ್ ದಾಟಬಾರದು. ಗಿಡದ ತಡಬೆಯ ವಿಶೇಷ ಏನೆಂದರೆ ಅದರ ಅಳತೆ ಒಂದೇ ತರ ಇರುವುದಿಲ್ಲ. ಕ್ಯಾಲೋಸ್ ಎಂಬ ಸಕ್ಕರೆಸರಪಳಿಯ ವಸ್ತುವನ್ನು ಗಿಡ ಕಿಂಡಿಯ ಬಾಯಿಯ ಸುತ್ತ ಮೆತ್ತುತ್ತದೆ. ಜಾಸ್ತಿ ಮೆತ್ತಿದರೆ ಬಾಯಿ ಕಿರಿದಾಗುತ್ತದೆ, ಕರಗಿಸಿದರೆ ಹಿಗ್ಗುತ್ತದೆ. ಎಳೆ ಎಲೆಯಲ್ಲಿ ಕಿಂಡಿ ಸಡಿಲ, ಬಲಿತ ಎಲೆಯಲ್ಲಿ ಬಿಗಿ. ಕೆಲವು ಸಲ ಗಿಡವೇ ತನ್ನ ದೊಡ್ಡ ಪ್ರೋಟೀನುಗಳನ್ನು ಪಕ್ಕದ ಕೋಶಕ್ಕೆ ಕಳಿಸಲು ಕಿಂಡಿ ಹಿಗ್ಗಿಸುತ್ತದೆ. ಮುಸುಕಿನ ಜೋಳದ ಬೆಳವಣಿಗೆ ನಡೆಸುವ ನಾಟೆಡ್-1 ಎಂಬ ಪ್ರೋಟೀನ್ ಹೀಗೆ ಓಡಾಡುತ್ತದೆ ಅಂತ 1995ರಲ್ಲಿ ತೋರಿಸಲಾಯಿತು. ಹಿಗ್ಗಿಸುವ ಏರ್ಪಾಡು ಗಿಡದಲ್ಲಿ ಮೊದಲೇ ಇತ್ತು. ವೈರಸ್ ಅದನ್ನು ಬಳಸಿಕೊಳ್ಳಲು ಕಲಿತಿತು.

ದಾರಿ ಬಿಡಿಸುವ ಪ್ರೋಟೀನ್

ಇದನ್ನು ಕಂಡುಹಿಡಿದ ಬಗೆ ತುಂಬಾ ಚೆನ್ನಾಗಿದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ತಂಬಾಕು ಮೊಸಾಯಿಕ್ ವೈರಸ್ ಈ ವಿದ್ಯೆಗೆಲ್ಲ ಮೂಲ. ರೋಗದ ಎಲೆಯ ರಸದಿಂದ ರೋಗ ಅಂಟುತ್ತದೆ ಅಂತ 1886ರಲ್ಲಿ ಅಡಾಲ್ಫ್ ಮೇಯರ್ ತೋರಿಸಿದರು. ಬ್ಯಾಕ್ಟೀರಿಯಾ ದಾಟಲಾಗದ ಸೋಸಣಿಗೆಯನ್ನೂ ಆ ರಸದಲ್ಲಿರುವ ರೋಗಕಾರಕ ದಾಟುತ್ತದೆ ಅಂತ 1892ರಲ್ಲಿ ಇವನೋವ್‌ಸ್ಕಿ ಕಂಡರು. ಇದು ಬ್ಯಾಕ್ಟೀರಿಯಾ ಅಲ್ಲ, ಬೇರೆಯದೇ ಏನೋ ಅಂತ 1898ರಲ್ಲಿ ಬೈಜೆರಿಂಕ್ ಗಟ್ಟಿಯಾಗಿ ಹೇಳಿದರು. ಈ ವೈರಸ್ಸಿನ ಆರ್‌ಎನ್‌ಎಯಲ್ಲಿ ಇರುವುದು ಸುಮಾರು 6,400 ಅಕ್ಷರಗಳು. ಅಷ್ಟರಲ್ಲಿ ನಾಲ್ಕು ಪ್ರೋಟೀನುಗಳ ಸೂಚನೆ ಅಡಗಿದೆ. ಎರಡು ನಕಲು ಮಾಡುವುದಕ್ಕೆ, ಒಂದು ಹೊದಿಕೆಗೆ. ಉಳಿದ ಒಂದರ ಕೆಲಸ ಏನು ಅನ್ನುವುದು ಬಹಳ ಕಾಲ ತಿಳಿದಿರಲಿಲ್ಲ.

1978ರಲ್ಲಿ ಜಪಾನಿನ ಸಂಶೋಧಕರು ಈ ವೈರಸ್ಸಿನ ಟೊಮೆಟೊ ತಳಿಯ ಒಂದು ವಿಚಿತ್ರ ರೂಪವನ್ನು ವಿವರಿಸಿದರು. 22 ಡಿಗ್ರಿ ಉಷ್ಣತೆಯಲ್ಲಿ ಅದು ಎಲೆ ತುಂಬಾ ಹರಡುತ್ತಿತ್ತು. 32 ಡಿಗ್ರಿಗೆ ಏರಿಸಿದರೆ ಹರಡುವುದು ನಿಂತುಹೋಗುತ್ತಿತ್ತು. ಸತ್ತಿತೇ ಅಂದರೆ ಇಲ್ಲ. ಬಿಡಿ ಕೋಶಗಳಿಗೆ ಸೇರಿಸಿದರೆ ಆ ಬಿಸಿಯಲ್ಲೂ ಚೆನ್ನಾಗಿ ನಕಲಾಗುತ್ತಿತ್ತು. ಅಂದರೆ ಹೆಚ್ಚುವ ಶಕ್ತಿ ಇದೆ, ಪಕ್ಕದ ಕೋಶಕ್ಕೆ ದಾಟುವ ಶಕ್ತಿ ಮಾತ್ರ ಕೆಟ್ಟಿದೆ. ಹೆಚ್ಚುವುದು ಒಂದು ಕೆಲಸ, ದಾಟುವುದು ಬೇರೆಯದೇ ಕೆಲಸ ಅಂತ ಇದರಿಂದ ಸ್ಪಷ್ಟವಾಯಿತು. ಹುಡುಕಿದಾಗ ದೋಷ ಸಿಕ್ಕಿದ್ದು ಆ ಕೆಲಸ ಗೊತ್ತಿಲ್ಲದ ಪ್ರೋಟೀನಿನಲ್ಲಿ.

1987ರಲ್ಲಿ ಅಮೆರಿಕದ ರೋಜರ್ ಬೀಚಿ ಮತ್ತು ಜೊತೆಗಾರರು ಇದನ್ನು ಪಕ್ಕಾ ಮಾಡಿದರು. ವೈರಸ್ಸಿನ ಆ ಒಂದೇ ಪ್ರೋಟೀನನ್ನು ತಯಾರಿಸುವ ಜೀನನ್ನು ತಂಬಾಕು ಗಿಡಕ್ಕೆ ಸೇರಿಸಿದರು. ಈಗ ಗಿಡವೇ ಆ ಪ್ರೋಟೀನ್ ಮಾಡಿಕೊಳ್ಳುತ್ತದೆ. ಅಂಥ ಗಿಡಕ್ಕೆ ದೋಷವಿದ್ದ ವೈರಸ್ ಹಚ್ಚಿ 32 ಡಿಗ್ರಿಯಲ್ಲಿ ಇಟ್ಟಾಗ ಅದು ಸಲೀಸಾಗಿ ಹರಡಿತು. ಎರಡು ವರ್ಷದ ನಂತರ, 1989ರಲ್ಲಿ, ಅದೇ ತರದ ಗಿಡಗಳ ಎಲೆಕೋಶಕ್ಕೆ ಹೊಳೆಯುವ ಬಣ್ಣದ ಕಣಗಳನ್ನು ಸೂಜಿಯಿಂದ ಸೇರಿಸಿ ನೋಡಿದರು. ಮಾಮೂಲಿ ತಂಬಾಕಿನಲ್ಲಿ 700–800 ಡಾಲ್ಟನ್ (ಅಣುಗಳನ್ನು ತೂಗುವ ಅಳತೆ) ತೂಕದ ಕಣಗಳಷ್ಟೇ ಪಕ್ಕದ ಕೋಶಕ್ಕೆ ದಾಟಿದವು. ವೈರಸ್ಸಿನ ಪ್ರೋಟೀನ್ ಇದ್ದ ಗಿಡದಲ್ಲಿ 9,400 ಡಾಲ್ಟನ್ನಿನ ಕಣಗಳೂ ದಾಟಿದವು. ಹತ್ತು ಪಟ್ಟಿಗಿಂತ ಜಾಸ್ತಿ. ಆ ಗಿಡಗಳಲ್ಲಿ ವೈರಸ್ ಇರಲೇ ಇಲ್ಲ, ಅದರ ಒಂದು ಪ್ರೋಟೀನ್ ಇತ್ತು ಅಷ್ಟೇ. ಕಿಂಡಿ ಹಿಗ್ಗಿಸುವುದು ಅದರದೇ ಕೆಲಸ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕೇ? ಇದಕ್ಕೆ ಮೂವ್‌ಮೆಂಟ್ ಪ್ರೋಟೀನ್ ಅನ್ನುತ್ತಾರೆ. ದಾರಿ ಬಿಡಿಸುವ ಪ್ರೋಟೀನ್ ಅಂದರೂ ಸರಿಯೇ.

ಕಿಂಡಿ ಹಿಗ್ಗಿದರೂ 18 ನ್ಯಾನೋಮೀಟರ್ ದಪ್ಪದ ಕಡ್ಡಿ ಅದರಲ್ಲಿ ಹಿಡಿಯುವುದಿಲ್ಲ. ಅದಕ್ಕೆ ಈ ವೈರಸ್ ಕಡ್ಡಿಯ ರೂಪದಲ್ಲಿ ದಾಟುವುದೇ ಇಲ್ಲ. ಹೊದಿಕೆ ಬಿಟ್ಟು ಬರೀ ಆರ್‌ಎನ್‌ಎ ದಾಟುತ್ತದೆ. ದಾರಿ ಬಿಡಿಸುವ ಪ್ರೋಟೀನ್ ಆರ್‌ಎನ್‌ಎಗೆ ಅಂಟಿಕೊಂಡು, ಮಡಚಿಕೊಂಡಿದ್ದ ಅದನ್ನು ಉದ್ದಕ್ಕೆ ಬಿಡಿಸಿ ಸಪೂರ ಮಾಡುತ್ತದೆ. ಹಾಗೆ ಬಿಡಿಸಿದ ಎಳೆಯ ದಪ್ಪ ಸುಮಾರು 2 ನ್ಯಾನೋಮೀಟರ್. ಇದೇ ಪ್ರೋಟೀನ್ ಕೋಶದ ಒಳಪೊರೆಯ ಮೇಲೆ ಜಾರಿಕೊಂಡು ಕಿಂಡಿಯ ಬಾಯಿಗೆ ಬಂದು ಕೂರುತ್ತದೆ. ಕ್ಯಾಲೋಸ್ ಕರಗಿಸುವ ಗಿಡದ್ದೇ ಕಿಣ್ವವೂ ವೈರಸ್ಸಿಗೆ ಉಪಯೋಗಕ್ಕೆ ಬರುತ್ತದೆ. ಹೊದಿಕೆಯ ಪ್ರೋಟೀನನ್ನು ಪೂರ್ತಿ ತೆಗೆದುಹಾಕಿದ ತಂಬಾಕು ಮೊಸಾಯಿಕ್ ವೈರಸ್ ಕೂಡ ಎಲೆಯೊಳಗೆ ಕೋಶದಿಂದ ಕೋಶಕ್ಕೆ ಹರಡುತ್ತದೆ. ಈ ಒಂದು ಸಂಗತಿ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಚಿತ್ರಗಳಲ್ಲಿ ನೋಡುವ ಆ ಕಣಗಳನ್ನೇ ನಾವು ವೈರಸ್ ಅಂದುಕೊಳ್ಳುತ್ತೇವೆ. ಗೋಡೆ ದಾಟುವ ಹೊತ್ತಿಗೆ ಕಣವೇ ಬೇಕಾಗಿಲ್ಲ.

ಇದೆಲ್ಲ ಎಷ್ಟು ಬೇಗ ನಡೆಯುತ್ತದೆ? ಹೊಳೆಯುವ ಗುರುತು ಹಚ್ಚಿದ ವೈರಸ್ಸನ್ನು ಕೋಶ ಕೋಶವಾಗಿ ಹಿಂಬಾಲಿಸಿ 2004ರಲ್ಲಿ ಲೆಕ್ಕ ಹಾಕಿದ್ದಾರೆ. ಮೊದಲ ಕೋಶದಿಂದ ಪಕ್ಕದ ಕೋಶಕ್ಕೆ ದಾಟಲು ಸುಮಾರು 20 ಗಂಟೆ ಬೇಕು. ಅಲ್ಲಿಂದ ಮುಂದೆ ಒಂದೊಂದು ಕೋಶಕ್ಕೆ 3–4 ಗಂಟೆ ಸಾಕು. ಯಾಕೆಂದರೆ ಮೊದಲ ಕೋಶದಲ್ಲಿ ಬರಿಗೈಯಲ್ಲಿ ಶುರು ಮಾಡಬೇಕು. ಆಮೇಲೆ ನಕಲು ಮಾಡುವ ಯಂತ್ರ, ಆರ್‌ಎನ್‌ಎ, ದಾರಿ ಬಿಡಿಸುವ ಪ್ರೋಟೀನ್ ಎಲ್ಲ ಒಟ್ಟಿಗೆ ಕಟ್ಟಿಕೊಂಡೇ ಮುಂದಿನ ಕೋಶಕ್ಕೆ ಇಳಿಯುತ್ತದೆ.

ಎಲ್ಲ ವೈರಸ್ಸೂ ಹೀಗೇ ಮಾಡುತ್ತದೆ ಅಂತಲ್ಲ. ಅಲಸಂದೆ ಮೊಸಾಯಿಕ್ ವೈರಸ್, ಹೂಕೋಸು ಮೊಸಾಯಿಕ್ ವೈರಸ್ ಇವುಗಳ ರೀತಿ ಒರಟು. ಕಿಂಡಿಯ ನಡುವಿನ ಕೊಳವೆಯನ್ನೇ ಕಿತ್ತುಹಾಕಿ, ಆ ಜಾಗದಲ್ಲಿ ತಮ್ಮ ಪ್ರೋಟೀನಿನಿಂದ ಅಗಲದ ಕೊಳವೆ ಕಟ್ಟುತ್ತವೆ. ಅದರೊಳಗೆ ಇಡೀ ಕಣಗಳು ಸಾಲಾಗಿ ದಾಟುತ್ತವೆ. ನಮ್ಮ ಏಲಕ್ಕಿಯ ಕಟ್ಟೆ ವೈರಸ್, ಪಪ್ಪಾಯಿಯ ಉಂಗುರ ಚುಕ್ಕೆ ವೈರಸ್ ಎರಡೂ ಪೋಟಿವಿರಿಡೆ ಕುಟುಂಬದವು. ಆ ಕುಟುಂಬದ ಬೇರೆ ವೈರಸ್‌ಗಳಲ್ಲಿ ಕಿಂಡಿಯ ಬಾಯಿಗೆ ಶಂಕುವಿನ ಆಕಾರದ ರಚನೆಗಳು ಅಂಟಿಕೊಂಡಿದ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ಅವನ್ನು ಅಲ್ಲಿಗೆ ತಂದು ಕೂರಿಸುವ ಪುಟ್ಟ ಪ್ರೋಟೀನ್ ಇದೆ ಅಂತ ಗೊತ್ತಾಗಿದ್ದೇ 2008ರಲ್ಲಿ. ಅದರ ಜೀನ್ ಇನ್ನೊಂದು ಜೀನಿನ ಒಳಗೇ ಅಡಗಿತ್ತು. ಬೆಂಡೆಯ ಹಳದಿ ನಂಜು ವೈರಸ್ಸಿಗೆ ಕಷ್ಟ ಇನ್ನೂ ಜಾಸ್ತಿ. ಅದು ಡಿಎನ್‌ಎ ವೈರಸ್, ನಕಲಾಗುವುದು ಕೋಶಕೇಂದ್ರದ ಒಳಗೆ. ಮೊದಲು ಕೋಶಕೇಂದ್ರದಿಂದ ಹೊರಗೆ ಬರಬೇಕು, ಆಮೇಲೆ ಗೋಡೆ ದಾಟಬೇಕು. ಎರಡು ಹೊಸ್ತಿಲು.

ಗಿಡ ಸುಮ್ನೆ ಕೂರುವುದಿಲ್ಲ

ಆಕ್ರಮಣ ಗೊತ್ತಾದ ಕೂಡಲೇ ಗಿಡ ಕಿಂಡಿಗಳಿಗೆ ಕ್ಯಾಲೋಸ್ ಮೆತ್ತಲು ಶುರು ಮಾಡುತ್ತದೆ. ವೈರಸ್ ಅದನ್ನು ಕರಗಿಸುತ್ತಾ ಹೋಗುತ್ತದೆ. ಯಾರು ಬೇಗ ಅನ್ನುವುದೇ ಪ್ರಶ್ನೆ. ಕೆಲವು ಗಿಡಗಳಲ್ಲಿ ಇದಕ್ಕಿಂತ ಕಠಿಣ ಉಪಾಯ ಇದೆ. ನಿಕೋಟಿಯಾನಾ ಗ್ಲುಟಿನೋಸಾ ಎಂಬ ತಂಬಾಕಿನ ಕಾಡುತಳಿಯ ಎಲೆಗೆ ಮೊಸಾಯಿಕ್ ವೈರಸ್ ಉಜ್ಜಿದರೆ, ಎರಡು ಮೂರು ದಿನದಲ್ಲಿ ಎಲೆಯ ಮೇಲೆ ಕಂದು ಚುಕ್ಕೆಗಳು ಮೂಡುತ್ತವೆ. ಒಂದೊಂದು ಚುಕ್ಕೆಯೂ ವೈರಸ್ ಹೊಕ್ಕ ಜಾಗ. ಅದರ ಸುತ್ತಲಿನ ಕೋಶಗಳು ತಾವಾಗಿಯೇ ಸತ್ತು ವೈರಸ್ಸನ್ನು ಅಲ್ಲೇ ಕೂಡಿಹಾಕುತ್ತವೆ. ಚುಕ್ಕೆ ಬಿಟ್ಟು ಗಿಡದ ಉಳಿದ ಭಾಗ ಆರೋಗ್ಯವಾಗಿ ಇರುತ್ತದೆ. ನೋಡಲು ಇದೇ ದೊಡ್ಡ ರೋಗದ ಹಾಗೆ ಕಾಣುತ್ತದೆ, ನಿಜಕ್ಕೂ ಇದು ಗಿಡ ಗೆದ್ದ ಗುರುತು. ಈ ಶಕ್ತಿ ಕೊಡುವ ಜೀನನ್ನು 1994ರಲ್ಲಿ ಪತ್ತೆ ಮಾಡಿದರು.

ಇನ್ನೊಂದು ಉಪಾಯ ಎಲ್ಲ ಗಿಡಗಳಲ್ಲೂ ಇದೆ. ವೈರಸ್ಸಿನ ಆರ್‌ಎನ್‌ಎಯನ್ನು ಗಿಡ 21ರಿಂದ 24 ಅಕ್ಷರದ ತುಂಡುಗಳಾಗಿ ಕತ್ತರಿಸುತ್ತದೆ. ಆ ತುಂಡುಗಳನ್ನೇ ಗುರುತಾಗಿ ಇಟ್ಟುಕೊಂಡು ಅದೇ ತರದ ಆರ್‌ಎನ್‌ಎ ಎಲ್ಲಿ ಕಂಡರೂ ಕಡಿಯುತ್ತದೆ. 1999ರಲ್ಲಿ ಹ್ಯಾಮಿಲ್ಟನ್ ಮತ್ತು ಬೌಲ್‌ಕೂಂಬ್ ಈ ತುಂಡುಗಳನ್ನು ಗಿಡದಲ್ಲಿ ಕಂಡರು. ಇದರಲ್ಲಿ ಸೊಗಸಿನ ಸಂಗತಿ ಏನೆಂದರೆ, ಈ ತುಂಡುಗಳೂ ಅದೇ ಕಿಂಡಿಗಳ ಮೂಲಕ ಪಕ್ಕದ ಕೋಶಕ್ಕೆ ಹೋಗುತ್ತವೆ. ವೈರಸ್ ಬರುವುದಕ್ಕೆ ಮೊದಲೇ ಎಚ್ಚರಿಕೆ ತಲುಪಬಹುದು. 1928ರಲ್ಲಿ ವಿಂಗಾರ್ಡ್ ಎಂಬುವರು ಉಂಗುರ ಚುಕ್ಕೆ ರೋಗದ ತಂಬಾಕು ಗಿಡಗಳನ್ನು ಗಮನಿಸಿದ್ದರು. ಕೆಳಗಿನ ಎಲೆಗಳಲ್ಲಿ ರೋಗ ಜೋರಾಗಿತ್ತು, ಆಮೇಲೆ ಮೂಡಿದ ಎಲೆಗಳು ಮಾತ್ರ ಶುಭ್ರವಾಗಿದ್ದವು. ಅದರ ಕಾರಣ ತಿಳಿಯಲು ಎಪ್ಪತ್ತು ವರ್ಷ ಬೇಕಾಯಿತು. ವೈರಸ್ಸುಗಳೂ ಇದಕ್ಕೆ ಎದುರಾಗಿ ಸಜ್ಜಾಗಿವೆ. ಈ ಕತ್ತರಿಸುವ ಏರ್ಪಾಡನ್ನೇ ಕೆಡಿಸುವ ಪ್ರೋಟೀನ್ ಬಹಳಷ್ಟು ವೈರಸ್‌ಗಳಲ್ಲಿದೆ. ಕಾಳುಮೆಣಸಿಗೂ ಬಾಧೆ ಕೊಡುವ ಸೌತೆ ಮೊಸಾಯಿಕ್ ವೈರಸ್‌ನಲ್ಲಿ ಅಂಥದ್ದೊಂದು ಇದೆ.

ನರಕ್ಕೆ ಇಳಿದ ಮೇಲೆ

ಒಂದು ಕೋಶಕ್ಕೆ 3–4 ಗಂಟೆ ಅಂದರೆ ಇಡೀ ಗಿಡ ಹಿಡಿಯಲು ವರ್ಷಗಟ್ಟಲೆ ಬೇಕು. ಆದರೆ ವೈರಸ್ ಎಲೆಯ ನರ ಮುಟ್ಟಿದ ಕೂಡಲೇ ಲೆಕ್ಕ ಬದಲಾಗುತ್ತದೆ. ನರದಲ್ಲಿ ಎರಡು ಬಗೆಯ ನಾಳ ಇವೆ. ಒಂದು ಬೇರಿನಿಂದ ನೀರು ಏರಿಸುವುದು. ಇನ್ನೊಂದು, ಫ್ಲೋಯಂ, ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಬೇಕಾದ ಕಡೆ ಸಾಗಿಸುವುದು. ವೈರಸ್ ಸೇರುವುದು ಬಹುತೇಕ ಈ ಎರಡನೆಯದಕ್ಕೆ. ಅದರಲ್ಲಿ ರಸ ಗಂಟೆಗೆ ಅರ್ಧದಿಂದ ಒಂದು ಮೀಟರಿನವರೆಗೆ ಹರಿಯುತ್ತದೆ. ಆಳೆತ್ತರದ ಗಿಡಕ್ಕೆ ಕೆಲವೇ ಗಂಟೆಯ ದಾರಿ. ಇಲ್ಲಿ ಮಾತ್ರ ಹೊದಿಕೆ ಬೇಕಾಗುತ್ತದೆ. ಹೊದಿಕೆ ಇಲ್ಲದ ತಂಬಾಕು ಮೊಸಾಯಿಕ್ ವೈರಸ್ ಎಲೆಯೊಳಗೆ ಹರಡಿದರೂ ದೂರದ ಪ್ರಯಾಣದಲ್ಲಿ ಸೋಲುತ್ತದೆ.

1934ರಲ್ಲಿ ಜೆಫ್ರಿ ಸ್ಯಾಮ್ಯುಯೆಲ್ ಈ ಪ್ರಯಾಣವನ್ನು ಕತ್ತರಿಯಿಂದಲೇ ಅಳೆದರು. ಒಂದೇ ವಯಸ್ಸಿನ ಟೊಮೆಟೊ ಗಿಡಗಳನ್ನು ತೆಗೆದುಕೊಂಡರು. ಪ್ರತಿ ಗಿಡದಲ್ಲೂ ಒಂದೇ ಕಿರುಎಲೆಗೆ ಮೊಸಾಯಿಕ್ ವೈರಸ್ ಹಚ್ಚಿದರು. ಆಮೇಲೆ ಆಗಾಗ ಕೆಲವು ಗಿಡಗಳನ್ನು ತುಂಡು ತುಂಡು ಮಾಡಿ, ಯಾವ ತುಂಡಿನಲ್ಲಿ ವೈರಸ್ ಇದೆ, ಯಾವುದರಲ್ಲಿ ಇಲ್ಲ ಅಂತ ಪರೀಕ್ಷಿಸಿದರು. ಮೊದಲ ಮೂರು ದಿನ ವೈರಸ್ ಹಚ್ಚಿದ ಎಲೆ ಬಿಟ್ಟು ಬೇರೆಲ್ಲೂ ಸಿಗಲಿಲ್ಲ. ಆಮೇಲೆ ಒಮ್ಮೆಗೇ ಬೇರಿನಲ್ಲಿ ಸಿಕ್ಕಿತು. ಅದರ ಬೆನ್ನಿಗೇ ತುದಿಯ ಎಳೆಯ ಎಲೆಗಳಲ್ಲಿ. ನಡುವಿನ ಬಲಿತ ಎಲೆಗಳಲ್ಲಿ ಇನ್ನೂ ಏನೂ ಇಲ್ಲ! ಇಡೀ ಗಿಡ ತುಂಬಲು ಸುಮಾರು 25 ದಿನ ಹಿಡಿಯಿತು.

ಯಾಕೆ ಹೀಗೆ ಎಲೆ ಹಾರಿಸಿಕೊಂಡು ಹೋಗುತ್ತದೆ? ಫ್ಲೋಯಂ ರಸ ಎಲ್ಲಿಗೆ ಹೋಗುತ್ತದೋ ವೈರಸ್ಸೂ ಅಲ್ಲಿಗೆ. ರಸ ಹೋಗುವುದು ಸಕ್ಕರೆ ಬೇಕಾದ ಕಡೆಗೆ: ಬೇರು, ಸುಳಿ, ಹೂವು, ಕಾಯಿ. ಬಲಿತ ಎಲೆ ತಾನೇ ಸಕ್ಕರೆ ಮಾಡಿ ಹೊರಗೆ ಕಳಿಸುತ್ತದೆ, ತರಿಸಿಕೊಳ್ಳುವುದಿಲ್ಲ. ಹಾಗಾಗಿ ಅಲ್ಲಿಗೆ ವೈರಸ್ ಬೇಗ ಇಳಿಯುವುದಿಲ್ಲ. ಏಲಕ್ಕಿಯ ಹಳೇ ಎಲೆಗಳು ಹಸಿರಾಗಿದ್ದು ಸುಳಿಯೆಲೆಯಲ್ಲಿ ಗೆರೆ ಮೂಡುವುದು ಈ ಕಾರಣಕ್ಕೆ. ಹೇನು ಚುಚ್ಚಿದ್ದು ಕೆಳಗಿನ ಹಾಳೆಯ ಸಂದಿನಲ್ಲಿ ಇರಬಹುದು. ಗೆರೆ ಕಂಡ ಎಲೆ ಆಗ ಹುಟ್ಟಿಯೇ ಇರಲಿಲ್ಲ. ಅಂದರೆ ಗೆರೆ ಕಾಣುವ ಹೊತ್ತಿಗೆ ವೈರಸ್ ನೆಲದೊಳಗಿನ ಗೆಡ್ಡೆಗೆ ಹೋಗಿ, ಅಲ್ಲಿಂದ ಹೊಸ ಕಂದುಗಳ ಮೊಗ್ಗಿಗೂ ಮುಟ್ಟಿರುತ್ತದೆ. ಎಲೆ ಕಿತ್ತರೆ ಏನು ಬಂತು? ಬೋರ್ಡೋ ಹೊಡೆದರೂ ಅಷ್ಟೇ, ಲೇಪ ಎಲೆಯ ಮೈಮೇಲೆ, ವೈರಸ್ ಕೋಶದ ಒಳಗೆ. ವೈರಸ್ ಹೋಗಿಸುವ ಔಷಧಿ ಅಂತ ಯಾರಾದರೂ ಬಾಟಲಿ ಮಾರಿದರೆ ದಯವಿಟ್ಟು ದುಡ್ಡು ಕೊಡಬೇಡಿ. ಹೊಡೆಯುವ ಮದ್ದು ಹೇನನ್ನು ಕೊಲ್ಲಬಹುದು. ಗಿಡದೊಳಗೆ ಈಗಾಗಲೇ ಇರುವ ವೈರಸ್ಸಿಗೆ ಏನೂ ಆಗುವುದಿಲ್ಲ.

ಬಾಳೆಯ ಬಂಚಿ ಟಾಪ್ ರೋಗದಲ್ಲಿ ಇದು ಇನ್ನೂ ಢಾಳಾಗಿ ಕಾಣುತ್ತದೆ. ಅದನ್ನೂ ಹರಡುವುದು ಬಾಳೆ ಹೇನೇ. ಎಲೆ ತೊಟ್ಟಿನ ಮೇಲೆ, ನರದ ಗುಂಟ, ಕಡುಹಸಿರಿನ ಚುಕ್ಕೆ ಮತ್ತು ಗೀರುಗಳು ಮೊದಲು ಮೂಡುತ್ತವೆ. ಆಮೇಲೆ ಹೊಸ ಎಲೆಗಳು ಗಿಡ್ಡವಾಗಿ, ನೆಟ್ಟಗೆ, ತುದಿಯಲ್ಲಿ ಗೊಂಚಲಾಗಿ ನಿಲ್ಲುತ್ತವೆ. ಈ ವೈರಸ್ ಫ್ಲೋಯಂ ಬಿಟ್ಟು ಆಚೆ ಹೋಗುವುದೇ ಇಲ್ಲ, ಗೀರುಗಳು ನರದ ಗುಂಟ ಮಾತ್ರ ಇರುವುದು ಅದಕ್ಕೆ. ಎಲೆಯಿಂದ ಗೆಡ್ಡೆಗೆ ಇಳಿದು, ಗೆಡ್ಡೆಯಿಂದ ಕಂದುಗಳಿಗೆ ಏರುತ್ತದೆ. ರೋಗ ಕಂಡ ಗಿಡದ ಪಕ್ಕದ ಕಂದು ಚೆನ್ನಾಗಿದೆ ಅಂತ ಕಿತ್ತು ಬೇರೆ ಕಡೆ ನೆಟ್ಟರೆ ರೋಗವನ್ನೇ ಹೊತ್ತುಕೊಂಡು ಹೋಗಿ ನೆಟ್ಟಂತೆ. ಕಾಳುಮೆಣಸಿನ ಬಳ್ಳಿ ತುಂಡಿಗೂ ಇದೇ ಮಾತು. ಎಲೆ ಚಿಕ್ಕದಾಗಿ, ಗೆಣ್ಣು ಗೆಣ್ಣಿನ ಅಂತರ ಕುಗ್ಗಿದ ಬಳ್ಳಿಯಿಂದ ತುಂಡು ತೆಗೆಯಲೇಬಾರದು.

ವೈರಸ್ ಮುಟ್ಟದ ಎರಡು ಜಾಗ

ಇಷ್ಟೆಲ್ಲ ಓಡಾಡಿದರೂ ಸಾಮಾನ್ಯವಾಗಿ ವೈರಸ್ ತಲುಪದ ಜಾಗಗಳಿವೆ. ಒಂದು ಸುಳಿಯ ತುತ್ತತುದಿ. ಹೊಸ ಕೋಶಗಳು ಹುಟ್ಟುವ, ಮಿಲಿಮೀಟರಿಗಿಂತ ಸಣ್ಣ ಗುಮ್ಮಟ ಅದು. ಅಲ್ಲಿಯವರೆಗೆ ಫ್ಲೋಯಂ ಇನ್ನೂ ಬೆಳೆದಿರುವುದಿಲ್ಲ. ಸಾಲದ್ದಕ್ಕೆ ಅಲ್ಲಿನ ಮೂಲಕೋಶಗಳಲ್ಲಿರುವ (ಹೊಸ ಕೋಶ ಹುಟ್ಟಿಸುವ ಸ್ಟೆಮ್ ಸೆಲ್) ವುಶೆಲ್ ಎಂಬ ಪ್ರೋಟೀನ್ ವೈರಸ್ ಹೆಚ್ಚದಂತೆ ತಡೆಯುತ್ತದೆ ಅಂತ 2020ರಲ್ಲಿ ಸೌತೆ ಮೊಸಾಯಿಕ್ ವೈರಸ್ ಬಳಸಿ ತೋರಿಸಿದರು. ಈ ತುದಿಯನ್ನಷ್ಟೇ ಕತ್ತರಿಸಿ ಬೆಳೆಸಿದರೆ ರೋಗದ ಗಿಡದಿಂದಲೂ ಶುದ್ಧ ಗಿಡ ಪಡೆಯಬಹುದು. 1952ರಲ್ಲಿ ಫ್ರಾನ್ಸಿನ ಮೊರೆಲ್ ಮತ್ತು ಮಾರ್ಟಿನ್ ಡೇಲಿಯಾದಲ್ಲಿ ಇದನ್ನು ಮಾಡಿ ತೋರಿಸಿದ್ದರು. ಟಿಶ್ಯೂ ಕಲ್ಚರ್ ಬಾಳೆ ಸಸಿಯ ಹಿಂದೆ ಇರುವ ವಿದ್ಯೆ ಇದೇ. ಆದರೆ ಎಚ್ಚರ ಬೇಕು. ಪ್ರಯೋಗಾಲಯದಲ್ಲಿ ತೆಗೆದ ತುಂಡು ದೊಡ್ಡದಾಗಿದ್ದರೆ ಅದರಲ್ಲಿ ಫ್ಲೋಯಂ ಇರುತ್ತದೆ, ವೈರಸ್ಸೂ ಬರುತ್ತದೆ, ಒಂದು ತಾಯಿಗಿಡದಿಂದ ಸಾವಿರಾರು ರೋಗದ ಸಸಿಗಳಾಗುತ್ತವೆ. ಸಸಿ ಕೊಳ್ಳುವಾಗ ತಾಯಿಗಿಡಕ್ಕೆ ವೈರಸ್ ಪರೀಕ್ಷೆ ಮಾಡಿಸಿದ್ದಾರಾ ಅಂತ ಕೇಳುವುದರಲ್ಲಿ ಸಂಕೋಚ ಬೇಡ.

ಇನ್ನೊಂದು ಜಾಗ ಬೀಜ. ಬೀಜದೊಳಗಿನ ಭ್ರೂಣಕ್ಕೂ ತಾಯಿಗಿಡದ ಅಂಗಾಂಶಕ್ಕೂ ನಡುವೆ ಈ ಕಿಂಡಿಗಳ ಸಂಪರ್ಕವೇ ಇರುವುದಿಲ್ಲ. ಕೆಲವು ವೈರಸ್‌ಗಳು ಇದನ್ನೂ ಮೀರುತ್ತವೆ, ಹುರುಳಿಕಾಯಿಯ ಮೊಸಾಯಿಕ್ ಬೀಜದಲ್ಲೇ ಬರುತ್ತದೆ. ಆದರೆ ಏಲಕ್ಕಿಯ ಕಟ್ಟೆ ಬೀಜದಿಂದ ಬರುವುದಿಲ್ಲ, ಮಣ್ಣಿನಿಂದಲೂ ಬರುವುದಿಲ್ಲ. ಬೀಜದಿಂದ ಎಬ್ಬಿಸಿದ ಸಸಿ ಹುಟ್ಟುವಾಗ ಶುದ್ಧವೇ. ಕೆಡುವುದು ಆಮೇಲೆ, ಪಾತಿಯ ಹತ್ತಿರ ಕಟ್ಟೆ ಇರುವ ಹಳೇ ತೋಟ ಇದ್ದು ಹೇನು ಹಾರಿಬಂದಾಗ. ಅದಕ್ಕೇ ಸಸಿಮಡಿಯನ್ನು ರೋಗದ ತೋಟದಿಂದ ಆದಷ್ಟು ದೂರ ಮಾಡಬೇಕು. ಕಂದು ಒಡೆದು ನೆಡುವುದಾದರೆ ಕಟ್ಟೆಯ ಗುರುತೇ ಇಲ್ಲದ ತೋಟದಿಂದ ತರಬೇಕು.

ಹೇನಿನ ಕಡೆಗೂ ಗಮನ ಬೇಕು. ಒಣಗಿ ಸಡಿಲಾದ ಹಳೇ ಹಾಳೆಗಳ ಸಂದಿಯೇ ಅದಕ್ಕೆ ಇಷ್ಟದ ಜಾಗ, ಅವನ್ನು ಬಿಡಿಸಿ ತೆಗೆಯಿರಿ. ಕೆಸು, ಕೆಲಾಡಿಯಂ ಗಿಡಗಳ ಮೇಲೂ ಅದು ಬದುಕುತ್ತದೆ. ಪತ್ರೊಡೆಗೆ ಬೇಕಾದಷ್ಟು ಕೆಸುವನ್ನು ಮನೆ ಹಿಂದೆ ಇಟ್ಟುಕೊಂಡು, ಏಲಕ್ಕಿ ಸಾಲಿನ ನಡುವೆ ತಾನಾಗಿ ಎದ್ದಿದ್ದನ್ನು ಕಿತ್ತುಬಿಡಿ. ಹೇನು ಚುಚ್ಚಿದ ದಿನಕ್ಕೂ ಸುಳಿಯಲ್ಲಿ ಗೆರೆ ಕಾಣುವ ದಿನಕ್ಕೂ ವಾರಗಟ್ಟಲೆ ಅಂತರ ಇರುತ್ತದೆ. ಇವತ್ತು ತೋಟ ಸುತ್ತಿ ರೋಗದ ಬುಡಗಳನ್ನೆಲ್ಲ ಕಿತ್ತರೂ, ಒಳಗೆ ವೈರಸ್ ಓಡಾಡುತ್ತಿದ್ದು ಇನ್ನೂ ಗೆರೆ ತೋರಿಸದ ಬುಡಗಳು ಹಾಗೇ ಉಳಿದಿರುತ್ತವೆ. ಒಂದು ಸಲ ಕಿತ್ತು ಮುಗಿಯಿತು ಅನ್ನದೆ, ಕೆಲವು ವಾರ ಬಿಟ್ಟು ಮತ್ತೆ ಒಂದೊಂದು ಬುಡದ ಸುಳಿಯೆಲೆಯನ್ನೂ ಬೆಳಕಿಗೆ ಹಿಡಿದು ನೋಡಬೇಕು.